ಸೂರ್ಯಾಸ್ತದೊಳಗೆ ಮನೆ ಸೇರುವ ಜಾವಾ ರಾಯರು

ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಗಳಲ್ಲಿ ಜಾವಾ ರಾಯರನ್ನು ಗುರುತಿಸುವುದು ಸುಲಭ. ಡಿಸೆಂಬರಿನ ಭಾನುವಾರ ಸಂಜೆ, ಆರ್.ಕೆ. ಪುರಂನ ಸಭಾಂಗಣದಲ್ಲಿ ಮುಖ್ಯ ಅತಿಥಿಗಳು ಮೈಕಿನ ಮುಂದೆ ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಒಬ್ಬರು ಹೆಲ್ಮೆಟ್ ಹಿಡಿದು ಎದ್ದು ನಿಲ್ಲುತ್ತಾರೆ. ಭಾಷಣಕ್ಕೆ ಹೆದರಿದರೆಂದು ಪಕ್ಕದವರು ತಿಳಿಯುತ್ತಾರೆ. ರಾಯರು ಹೆದರಿರುವುದು ಸೂರ್ಯನಿಗೆ. ಆ ತಿಂಗಳಲ್ಲಿ ದೆಹಲಿಯ ಸೂರ್ಯ ಐದೂವರೆಗೆಲ್ಲ ಅಂಗಡಿ ಮುಚ್ಚುತ್ತಾನೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 105ನೇ ನಿಯಮದಂತೆ ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ ದೀಪ ಉರಿಯಲೇಬೇಕು. ಆ ಬೆಳಕಿನಲ್ಲಿ 155 ಮೀಟರ್ ಮುಂದಿನ ಜನ, ವಾಹನ ಸ್ಪಷ್ಟವಾಗಿ ಕಾಣಬೇಕು. ರಾಯರ ಜಾವಾದ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುವುದು ಅದರದೇ ಮುಂದಿನ ಮಡ್‌ಗಾರ್ಡು.

ಇಂಥ ರಾಯರು ಒಬ್ಬರೇ ಅಲ್ಲ. ದ್ವಾರಕಾ, ಮಯೂರ ವಿಹಾರ, ನೋಯ್ಡಾ, ಗುರುಗ್ರಾಮ, ಎಲ್ಲಿ ನಾಲ್ಕು ಕನ್ನಡದ ಮನೆಗಳಿವೆಯೋ ಅಲ್ಲೊಬ್ಬರು ಸಿಗುತ್ತಾರೆ. ಕೇಂದ್ರ ಸರ್ಕಾರದ ನೌಕರಿ, ನಿವೃತ್ತಿಯ ಅಂಚು, ಮಾವನಿಂದ ಬಂದ ಜಾವಾ 250. ಮೈಸೂರಿನಿಂದ ಗಾಡಿ ಟ್ಯಾಂಕ್ ಖಾಲಿ ಮಾಡಿಸಿಕೊಂಡು, ಗೋಣಿ ಸುತ್ತಿಸಿಕೊಂಡು ರೈಲಿನ ಪಾರ್ಸಲ್ ಡಬ್ಬಿಯಲ್ಲಿ ಬಂದಿರುತ್ತದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಶುರುವಾದ ತಯಾರಿಕೆ 1996ರಲ್ಲಿ ನಿಂತಿತು. ರಾಯರ ಪ್ರಕಾರ ಲೋಕದ ಮೋಟರ್ ಸೈಕಲ್ ಚರಿತ್ರೆಯೂ ಆವತ್ತೇ ಮುಗಿಯಿತು. ಆಮೇಲೆ ಬಂದದ್ದೆಲ್ಲ ಬರೀ ಪ್ಲಾಸ್ಟಿಕ್ಕು.

ಆರು ವೋಲ್ಟಿನ ಹಳೆಯ ಗಾಡಿಗಳ ದೀಪಕ್ಕೆ ಎಂಜಿನ್ನಿನ ವೇಗವೇ ಪ್ರಾಣ. ಓಡುವಾಗ ಉರಿಯುತ್ತದೆ, ನಿಂತಾಗ ಕೆಂಪಗಾಗಿ ಕಣ್ಣು ಮುಚ್ಚುತ್ತದೆ. ಆದ್ದರಿಂದ ಧೌಲಾ ಕುವಾಂ ಸಿಗ್ನಲ್ಲಿನಲ್ಲಿ ರಾಯರು ಆಕ್ಸಿಲರೇಟರ್ ತಿರುವುತ್ತಲೇ ಇರಬೇಕು. ದೀಪ ಉಳಿಯುತ್ತದೆ. ಹಿಂದಿರುವವರು ಮಾತ್ರ ಟೂ-ಸ್ಟ್ರೋಕ್ ಹೊಗೆಯಲ್ಲಿ ಮಾಯವಾಗುತ್ತಾರೆ.

ಕಾನೂನು ರಾಯರಿಗೆ ಬಾಯಿಪಾಠ. ಹಿಂದಿನ ಕೆಂಪು ದೀಪ 155 ಮೀಟರಿನಿಂದ ಕಾಣಬೇಕು, ನಂಬರ್ ಪ್ಲೇಟಿನ ಮೇಲೆ ಬಿಳಿ ಬೆಳಕು ಬಿದ್ದು 15 ಮೀಟರಿನಿಂದ ಓದಲು ಬರಬೇಕು. 106ನೇ ನಿಯಮವಂತೂ ಅವರಿಗೆ ಪ್ರಾಣ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣು ಕೋರೈಸದಂತೆ ಬೆಳಕು ಕೆಳಗೆ ಬಾಗಿರಬೇಕು. ಇದನ್ನು ಪರೀಕ್ಷಿಸಲು ಅವರು ಒಂದು ರಾತ್ರಿ ಡಿಡಿಎ ಫ್ಲ್ಯಾಟಿನ ಹಿಂದೆ ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹೆಂಡತಿಯನ್ನು ನಿಲ್ಲಿಸಿದರು. ಆಕೆಯ ಕಣ್ಣು ಕಾನೂನಿಗಿಂತ ನಾಲ್ಕು ಬೆರಳು ಕೆಳಗಿತ್ತು. ಕಾಲಡಿಗೆ ಇಟ್ಟಿಗೆ ಬಂತು.

"ಕಣ್ಣು ಕುಕ್ಕುತ್ತೇನೇ?"

"ಮೊದಲು ಲೈಟ್ ಹಾಕ್ರೀ."

"ಹಾಕಿದೀನಲ್ಲೇ!"

106ನೇ ನಿಯಮದಲ್ಲಿ ರಾಯರ ಜಾವಾ ಹೀಗೆ ನೂರಕ್ಕೆ ನೂರು ಅಂಕ ಪಡೆದು ಪಾಸಾಯಿತು.

ಕರೋಲ್ ಬಾಗಿನ ಮೋಟರ್ ಸೈಕಲ್ ಗಲ್ಲಿಯಲ್ಲಿ ಇದಕ್ಕೆಲ್ಲ ಮದ್ದಿದೆ. ಅಲ್ಲಿನ ಉಸ್ತಾದ್ ಎಲ್‌ಇಡಿ ದೀಪವೊಂದನ್ನು ಹೊತ್ತಿಸಿದರೆ ಎದುರಿನ ಅಂಗಡಿಯವನು ಹಾಡಹಗಲೇ ಕೈಯಡ್ಡ ಹಿಡಿಯುತ್ತಾನೆ. ರಾಯರು ಅದನ್ನು ಮುಟ್ಟಿ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಆಮೇಲೆ ಉಪನ್ಯಾಸ ಶುರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ಸ್ವರೂಪವನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ ಐದು ಸಾವಿರದ ದಂಡ. ಉಸ್ತಾದ್ ಎಲ್ಲವನ್ನೂ ಕೇಳಿ, ಚಹಾ ಮುಗಿಸಿ, ಒಂದೇ ಮಾತು ಹೇಳುತ್ತಾನೆ: "ಹಾಗಾದರೆ ಹಗಲು ಓಡಿಸಿ, ಸಾಬ್."

ಹಗಲೂ ನೆಮ್ಮದಿಯಿಲ್ಲ. 2017ರ ಏಪ್ರಿಲ್ ಒಂದರಿಂದ ಬರುವ ಹೊಸ ದ್ವಿಚಕ್ರಗಳಲ್ಲಿ ಎಂಜಿನ್ ಶುರುವಾದೊಡನೆ ಹೆಡ್‌ಲೈಟು ತಾನೇ ಉರಿಯುತ್ತದೆ, ಆರಿಸುವ ಸ್ವಿಚ್ಚೇ ಇಲ್ಲ. ಮಟಮಟ ಮಧ್ಯಾಹ್ನ ರಿಂಗ್ ರೋಡಿನಲ್ಲಿ ದೀಪ ಹೊತ್ತಿಸಿಕೊಂಡು ಹೋಗುವ ಸ್ಕೂಟರುಗಳ ನಡುವೆ ದೀಪವಿಲ್ಲದವರು ರಾಯರೊಬ್ಬರೇ. ಹಳೆಯ ಗಾಡಿಗೆ ಆ ನಿಯಮ ಅನ್ವಯಿಸದು ಎಂದು ಹೇಳಲು, ಯಾರಾದರೂ ಕೇಳಲಿ ಎಂದು ಅವರು ಕಾಯುತ್ತಾರೆ. ಯಾರೂ ಕೇಳುವುದಿಲ್ಲ.

ಕೇಳುವುದೇನಿದ್ದರೂ ಟ್ರಾಫಿಕ್ ಪೊಲೀಸರು. ಮೋತಿ ಬಾಗಿನಲ್ಲಿ ಒಬ್ಬ ಹವಾಲ್ದಾರ ಗಾಡಿ ತಡೆದು ಇಂಡಿಕೇಟರ್ ಎಲ್ಲಿ ಎಂದ. ಕಾರ್ಖಾನೆಯೇ ಕೊಟ್ಟಿಲ್ಲದ ಇಂಡಿಕೇಟರನ್ನು ರಾಯರು ತರುವುದೆಲ್ಲಿಂದ? ಕಾಯ್ದೆಯ 121ನೇ ಕಲಮಿನಲ್ಲಿ ತಿರುಗುವ ಸೂಚನೆಯನ್ನು ಯಂತ್ರದಿಂದಲೋ ವಿದ್ಯುತ್ತಿನಿಂದಲೋ 'ಕೊಡಬಹುದು' ಎಂದಿದೆಯೇ ಹೊರತು 'ಕೊಡಲೇಬೇಕು' ಎಂದಿಲ್ಲ ಎಂದು ವಾದಿಸಿ, ಬಲಗೈ ಚಾಚಿ ಪ್ರಾತ್ಯಕ್ಷಿಕೆಯನ್ನೂ ಕೊಟ್ಟರು. ವಿದ್ಯುತ್ ಇಂಡಿಕೇಟರ್ ಕೇಳುವ 102ನೇ ನಿಯಮದ ಮಾತು ಬಂದಾಗ ಮಾತ್ರ ರಾಯರಿಗೆ ಕಿವಿ ಸ್ವಲ್ಪ ಮಂದ. ದೀಪದ ತಪ್ಪಿಗೆ 177ನೇ ಕಲಮಿನಲ್ಲಿ ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 1,500. ಹವಾಲ್ದಾರ ರಸೀದಿ ಬರೆಯಲಿಲ್ಲ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದ: ಲೀಟರಿಗೆ ಎಷ್ಟು ಕೊಡುತ್ತೆ? ಮಾರ್ತೀರಾ?

ಹಳೆ ಗಾಡಿಯವರ ಈ ಜಾತಿಯಲ್ಲೂ ಒಳಪಂಗಡಗಳಿವೆ. ತಾವಡೂ ಬಳಿಯ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಮ್ಮಿನ ಅಂಗಳದಲ್ಲಿ ಸೇರಿದಾಗ ಬುಲೆಟ್ ಸಿಂಗರು ಹೆಡ್‌ಲೈಟಿನ ಅಕ್ಕಪಕ್ಕದ ಎರಡು ಪುಟ್ಟ ಪೈಲಟ್ ದೀಪಗಳನ್ನು ತೋರಿಸಿ, "ಹುಲಿಗಣ್ಣು" ಎಂದು ಮೀಸೆ ತಿರುವುತ್ತಾರೆ. ಫರೀದಾಬಾದಿನ ರಾಜದೂತ್ ಶರ್ಮಾ ಅವರಿಗೆ ಎಸ್ಕಾರ್ಟ್ಸ್ ಕಾರ್ಖಾನೆ ತಮ್ಮೂರಿನದೆಂಬ ಗರ್ವ. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್ ಇಟ್ಟ ಗಾಡಿ ಬೇರೆ ಯಾವುದಿದೆ ಎಂದು ರಾಯರು ಸವಾಲೆಸೆಯುತ್ತಾರೆ. ವಾದ ಬಿಸಿಯೇರಿದಾಗ ಯಾರೋ ಗಡಿಯಾರ ನೋಡುತ್ತಾರೆ. ನಾಲ್ಕೂವರೆ! ಮೂರೂ ಪಂಗಡಗಳು ಒಗ್ಗಟ್ಟಾಗಿ ಕಿಕ್ ಹೊಡೆಯುತ್ತವೆ.

ವಯಸ್ಸಿನ ಲೆಕ್ಕವೂ ಇಲ್ಲಿ ವಿಚಿತ್ರ. ಎನ್‌ಸಿಆರ್‌ನಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡುವಂತಿಲ್ಲವೆಂಬ ಹಸಿರು ನ್ಯಾಯಮಂಡಳಿಯ ಮಾತನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಆಮೇಲೆ ಆದೇಶ ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಆದರೆ 2021ರ ಜುಲೈಯಲ್ಲಿ ಕೇಂದ್ರ ಹೊರಡಿಸಿದ ವಿಂಟೇಜ್ ನಿಯಮದಲ್ಲಿ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ, ಮೂಲರೂಪ ಕೆಡದ ಗಾಡಿಗೆ 'ವಿಎ' ಅಕ್ಷರಗಳ ಗೌರವದ ನಂಬರ್ ಸಿಗುತ್ತದೆ. ಹದಿನಾರಕ್ಕೆ ಗುಜರಿ, ಐವತ್ತಕ್ಕೆ ಪೂಜೆ. ರಾಯರ ಜಾವಾ ಐವತ್ತು ದಾಟಿದೆ, ಶೆಡ್ಡಿನಲ್ಲಿ ಮಲಗಿರುವ 1978ರ ಯೆಜ್ಡಿ ರೋಡ್‌ಕಿಂಗ್ 2028ರವರೆಗೆ ಕಾಯಬೇಕು. ಜಾವಾದ ನೋಂದಣಿ ಶುಲ್ಕ 20,000 ಎಂದು ಕೇಳಿದಾಗ ಹೆಂಡತಿ, "ನಮ್ಮಪ್ಪ ಗಾಡಿಗೇ ಅಷ್ಟು ಕೊಟ್ಟಿರಲಿಲ್ಲ" ಎಂದರು.

ವಿಎ ಗಾಡಿಯನ್ನು ದಿನಬಳಕೆಗೆ ಒಯ್ಯುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಅಲ್ಲಿಗೆ ಹೋಗಿ ಬರುವುದು, ಪೆಟ್ರೋಲ್, ನಿರ್ವಹಣೆ, ಇಷ್ಟಕ್ಕೇ ಅನುಮತಿ. 1964ರಿಂದ ನಡೆದುಬಂದಿರುವ ಸ್ಟೇಟ್ಸ್‌ಮನ್ ರ‍್ಯಾಲಿ ವರ್ಷಕ್ಕೊಂದೇ ಬಾರಿ, ಪೆಟ್ರೋಲು ಹಾಗಲ್ಲ. ಮನೆಯ ಪಕ್ಕದಲ್ಲೇ ಬಂಕ್ ಇದ್ದರೂ ರಾಯರು ಟ್ಯಾಂಕ್ ತುಂಬಿಸಲು ಹೋಗುವುದು ಐಎನ್‌ಎ ಮಾರ್ಕೆಟ್ಟಿನ ಕಡೆಗೇ, ಬೆಳಿಗ್ಗೆ ಹತ್ತಕ್ಕೇ.

"ಪೆಟ್ರೋಲಿಗೆ ಹೋದೋರು ನುಗ್ಗೆಕಾಯಿ, ಕರಿಬೇವು ತಂದಿದ್ದೀರಲ್ರೀ?"

"ನಿರ್ವಹಣೆ ಕಣೇ," ಎಂದರು ರಾಯರು. "ಗಾಡೀದಲ್ಲ, ಓಡಿಸೋನ್ದು."