ಕ್ವಿಕ್ ಫಾರ್ಮ್ಯಾಟ್ ಶ್ಯಾನುಭೋಗರಿಗೆ ಒಂದು ಬಹಿರಂಗ ಪತ್ರ

ಶ್ರೀಯುತ ಕ್ವಿಕ್ ಫಾರ್ಮ್ಯಾಟ್ ಇವರಿಗೆ,
ಶ್ಯಾನುಭೋಗರು, ಹಾರ್ಡ್ ಡಿಸ್ಕ್ ಗ್ರಾಮ.

ವಿಷಯ: ಒಂದು ಟೆರಾಬೈಟ್ ಭೂಮಿಯನ್ನು ಕೆಲವೇ ಸೆಕೆಂಡಿನಲ್ಲಿ ಬೋಳು ಮಾಡಿದ್ದಾಗಿ ತಾವು ನೀಡುತ್ತಿರುವ ದೃಢೀಕರಣದ ಬಗ್ಗೆ.

ಮಾನ್ಯರೇ,

ಮೊದಲಿಗೆ ತಮ್ಮ ಕೈಚಳಕಕ್ಕೆ ಸಾಷ್ಟಾಂಗ ನಮಸ್ಕಾರ. ಮದುವೆಯ ಫೋಟೊ, ಪ್ಯಾನ್ ಕಾರ್ಡಿನ ಸ್ಕ್ಯಾನು, ಬ್ಯಾಂಕಿನ ಸ್ಟೇಟ್‌ಮೆಂಟು, ಆಫೀಸಿನ ಸಂಬಳದ ಪಟ್ಟಿ ಎಂದು ಮನುಷ್ಯ ಎಂಟು ವರ್ಷ ಕೂಡಿಟ್ಟದ್ದನ್ನು ತಾವು ಕಾಫಿ ಆರುವುದರೊಳಗೆ ಮುಗಿಸಿ, ‘ಫಾರ್ಮ್ಯಾಟ್ ಕಂಪ್ಲೀಟ್’ ಎಂದು ಸಾರಿಬಿಡುತ್ತೀರಿ. ಯಜಮಾನ ಆ ಮಾತು ನಂಬಿ, ಹಳೆಯ ಕಂಪ್ಯೂಟರಿನ ಧೂಳು ಒರೆಸಿ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊತ್ತುಕೊಂಡು ಹೋಗುತ್ತಾನೆ. ಚೌಕಾಸಿ ಮಾಡಿ ನಾಲ್ಕು ಕಾಸು ಹೆಚ್ಚಿಗೆ ಗಿಟ್ಟಿಸಿದ ಖುಷಿಯಲ್ಲಿ ಮನೆಗೆ ಬರುತ್ತಾನೆ. ಪೆಟ್ಟಿಗೆಯ ಜೊತೆ ತಾನು ಇನ್ನೇನು ಮಾರಿ ಬಂದೆ ಎಂಬುದು ಅವನಿಗೆ ಗೊತ್ತಿಲ್ಲ. ಕೊಂಡವನಿಗೆ ಗೊತ್ತಾಗಲು ಪುಕ್ಕಟೆ ಸಿಗುವ ರಿಕವರಿ ತಂತ್ರಾಂಶವೊಂದು ಸಾಕು.

ತಾವು ಮಾಡುವ ಕೆಲಸವಾದರೂ ಏನು? ಯಾವ ಕಡತ ಡಿಸ್ಕಿನ ಯಾವ ಸೆಕ್ಟರಿನಲ್ಲಿದೆ ಎಂದು ಬರೆದಿಟ್ಟ ಪಹಣಿ ಪುಸ್ತಕವನ್ನು ಮಡಚಿ ಒಳಗಿಟ್ಟು, ಹೊಸ ಖಾಲಿ ಪುಸ್ತಕ ತೆರೆಯುವುದು. ಪಹಣಿ ಹರಿದರೆ ಹೊಲ ಮಾಯವಾಗುತ್ತದೆಯೇ? ಜೋಳ ಅಲ್ಲೇ ನಿಂತಿರುತ್ತದೆ. ಬೇಲಿ ಹಾರಿ ಬಂದವನು ಪಹಣಿ ಕೇಳುವುದಿಲ್ಲ, ನೇರ ತೆನೆಗೇ ಕೈ ಹಾಕುತ್ತಾನೆ.

ತಮ್ಮ ಅಣ್ಣ ಫುಲ್ ಫಾರ್ಮ್ಯಾಟ್ ಅವರ ಹಳೆಯ ಕಥೆಯೂ ಅಷ್ಟೇ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅವರು ಗಂಟೆಗಟ್ಟಲೆ ಹೊಲ ಸುತ್ತುತ್ತಿದ್ದರು. ಮಾಡುತ್ತಿದ್ದುದು ಮಾತ್ರ ಬರೀ ಸರ್ವೆ: ಯಾವ ಸೆಕ್ಟರು ಕೆಟ್ಟಿದೆ ಎಂದು ಗುರುತು ಹಾಕುವುದು. ಅವರು ಉಳುವುದಕ್ಕೆ, ಅಂದರೆ ಎಲ್ಲ ಕಡೆ ಸೊನ್ನೆ ಬರೆಯುವುದಕ್ಕೆ, ಶುರುಮಾಡಿದ್ದು ವಿಂಡೋಸ್ ವಿಸ್ತಾ ಬಂದ ಮೇಲೆ. ಅಣ್ಣ ಸುಧಾರಿಸಿದರು. ತಾವು ಇನ್ನೂ ತಿಪ್ಪೆ ಸಾರಿಸುತ್ತಲೇ ಇದ್ದೀರಿ.

ಇದು ಬಾಯಿಮಾತಿನ ದೂರಲ್ಲ, ಸಾಕ್ಷಿಗಳಿವೆ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಎಂಬ ಇಬ್ಬರು 2000ದಿಂದ 2002ರ ನಡುವೆ 158 ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಓದಿ ನೋಡಿದರು. ಓದಲು ಸಿಕ್ಕಿದ್ದು 129. ಸರಿಯಾಗಿ ತೊಳೆದಿದ್ದು ಎಷ್ಟು ಗೊತ್ತೇ? ಹನ್ನೆರಡು! ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಸಾವಿರಗಟ್ಟಲೆ ಸಿಕ್ಕಿದವು. ಒಂದು ಡಿಸ್ಕಂತೂ ಇಲಿನಾಯ್ ರಾಜ್ಯದ ಎಟಿಎಂ ಯಂತ್ರದ ಹೊಟ್ಟೆಯಿಂದ ಬಂದಿತ್ತು; ಯಾರ ಖಾತೆಯಲ್ಲಿ ಎಷ್ಟು ಹಣವಿದೆ ಎಂಬುದೂ ಅದರಲ್ಲಿ ಭದ್ರವಾಗಿತ್ತು. ತಮ್ಮ ವಂಶದ ಫಾರ್ಮ್ಯಾಟ್ ಆಜ್ಞೆಯನ್ನೇ 10 ಗಿಗಾಬೈಟಿನ ಡಿಸ್ಕೊಂದರ ಮೇಲೆ ಓಡಿಸಿ ಅವರು ಅಳೆದಾಗ, ಅದು ನಿಜವಾಗಿ ತಿದ್ದಿ ಬರೆದದ್ದು ಶೇ 0.1ರ ಆಸುಪಾಸು. ನೂರು ಎಕರೆಯಲ್ಲಿ ನಾಲ್ಕು ಗುಂಟೆ ಉತ್ತು ಮೀಸೆ ತಿರುವುವ ಧೈರ್ಯ ತಮಗಲ್ಲದೆ ಇನ್ಯಾರಿಗೆ ಬಂದೀತು?

ಬಡಪಾಯಿಗಳಷ್ಟೇ ಎಡವುತ್ತಾರೆ ಎಂದುಕೊಳ್ಳಬೇಡಿ. ವಾಲ್ ಸ್ಟ್ರೀಟಿನ ಹಣಕಾಸು ಸಂಸ್ಥೆ ಮಾರ್ಗನ್ ಸ್ಟಾನ್ಲಿ ತನ್ನ ಹಳೆಯ ಸರ್ವರು, ಡಿಸ್ಕುಗಳ ವಿಲೇವಾರಿಯನ್ನು ಒಪ್ಪಿಸಿದ್ದು ಸಾಮಾನು ಸಾಗಿಸುವ ಕಂಪನಿಯೊಂದಕ್ಕೆ. ದತ್ತಾಂಶ ನಾಶದ ಗಂಧಗಾಳಿ ಆ ಕಂಪನಿಗೆ ಇರಲಿಲ್ಲ. ಗ್ರಾಹಕರ ಮಾಹಿತಿ ಇದ್ದ ಡಿಸ್ಕುಗಳು ಕೈಯಿಂದ ಕೈಗೆ ದಾಟಿ ಅಂತರ್ಜಾಲದ ಹರಾಜಿಗೆ ಬಂದವು. ಕಡತಗಳಿಗೆ ಗೂಢಲಿಪಿಯ ಬೀಗ ಹಾಕುವ ಸೌಲಭ್ಯ ಕೆಲವು ಯಂತ್ರಗಳಲ್ಲೇ ಇತ್ತು, ವರ್ಷಗಟ್ಟಲೆ ಯಾರೂ ಅದನ್ನು ಚಾಲೂ ಮಾಡಿರಲಿಲ್ಲ. 2020ರಲ್ಲಿ ಒಂದು ನಿಯಂತ್ರಕ ಸಂಸ್ಥೆ 6 ಕೋಟಿ ಡಾಲರ್ ದಂಡ ಹಾಕಿತು, 2022ರಲ್ಲಿ ಇನ್ನೊಂದು 3.5 ಕೋಟಿ. ಕೋಟೆ ಲೂಟಿಯಾದ ಮೇಲೆ ಊರ ಬಾಗಿಲು ಹಾಕುವುದಕ್ಕೂ ಇಷ್ಟು ದುಡ್ಡು ಹಿಡಿಯುತ್ತದೆ.

ತಮ್ಮನ್ನು ನಂಬದವರ ಪಂಥವೂ ಒಂದಿದೆ. ಅವರ ಅತಿರೇಕ ಇನ್ನೊಂದು ಬಗೆಯದು. ನ್ಯೂಜಿಲೆಂಡಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ಗುಟ್‌ಮನ್ 1996ರಲ್ಲಿ, ಆವರೆಗೆ ಬಂದ ನಾನಾ ನಮೂನೆಯ ಡಿಸ್ಕುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು 35 ಸುತ್ತಿನ ಅಳಿಸುವಿಕೆಯ ಪಟ್ಟಿ ಕೊಟ್ಟರು. ಯಾವ ಒಂದು ಡಿಸ್ಕಿಗೂ ಅಷ್ಟೂ ಸುತ್ತು ಬೇಕಿರಲಿಲ್ಲ. ಜನ ಕೇಳಬೇಕಲ್ಲ? ಮೂವತ್ತೈದು ಪ್ರದಕ್ಷಿಣೆ ಎಂದೇ ಹರಕೆ ಹೊತ್ತರು. ತನ್ನ ಪಟ್ಟಿಯನ್ನು ದೆವ್ವ ಬಿಡಿಸುವ ಮಂತ್ರ ಮಾಡಿಕೊಂಡರಲ್ಲ ಎಂದು ಕೊನೆಗೆ ಆ ಪುಣ್ಯಾತ್ಮರೇ ಬೇಸರಪಟ್ಟು ಬರೆಯಬೇಕಾಯಿತು. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಒಂದು ಟೆರಾಬೈಟ್ ಡಿಸ್ಕನ್ನು ಒಮ್ಮೆ ಉಳಲು ಎರಡು ಗಂಟೆಯ ಹತ್ತಿರ ಹಿಡಿಯುತ್ತದೆ. ಮೂವತ್ತೈದು ಸಲ ಎಂದರೆ ಎರಡೂವರೆ ದಿನದ ಮೇಲಾಯಿತು. ಈಗಿನ ತಿರುಗುವ ಡಿಸ್ಕಿಗೆ ಒಂದು ಸುತ್ತು ಸೊನ್ನೆ ಸಾಮಾನ್ಯವಾಗಿ ಸಾಕು ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2014ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ.

ಇನ್ನು ಲಂಡನ್ನಿನ ವೈಭವ. 2013ರ ಜುಲೈ 20ರಂದು ಗಾರ್ಡಿಯನ್ ಪತ್ರಿಕೆಯ ನೆಲಮಾಳಿಗೆಯಲ್ಲಿ, ಅಮೆರಿಕದ ಗೂಢಚರ್ಯೆಯ ಗುಟ್ಟು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಕೊಟ್ಟ ಕಡತಗಳಿದ್ದ ಕಂಪ್ಯೂಟರುಗಳನ್ನು ಪತ್ರಿಕೆಯವರೇ ಗ್ರೈಂಡರು, ಡ್ರಿಲ್ಲು ಹಿಡಿದು ಪುಡಿಗಟ್ಟಿದರು. ಬ್ರಿಟನ್ನಿನ ಗೂಢಚರ್ಯೆ ಇಲಾಖೆಯವರು ನಿಂತು ನೋಡಿದರು. ಅದೇ ಕಡತಗಳ ಪ್ರತಿಗಳು ಬೇರೆ ದೇಶಗಳಲ್ಲಿದ್ದ ಸಂಗತಿ ಎರಡೂ ಕಡೆಯವರಿಗೆ ಗೊತ್ತಿತ್ತು. ತಮ್ಮ ಶಾಸ್ತ್ರಕ್ಕೂ ಆ ಶಾಸ್ತ್ರಕ್ಕೂ ವ್ಯತ್ಯಾಸ ಸದ್ದಿನದು ಮಾತ್ರ.

ತಿರುಗುವ ತಟ್ಟೆಗಳೇ ಇಲ್ಲದ ಎಸ್‌ಎಸ್‌ಡಿ ಎಂಬ ಹೊಸ ಊರಿನ ರೀತಿಯೇ ಬೇರೆ. ಅಲ್ಲಿ ಒಂದೇ ಮಡಿ ಸವೆಯಬಾರದೆಂದು ಡ್ರೈವೇ ಬಿತ್ತನೆಯ ಜಾಗ ಬದಲಿಸುತ್ತಿರುತ್ತದೆ. ಮೇಲಾಗಿ ಯಾವ ಪಹಣಿಯಲ್ಲೂ ಕಾಣದ ಒಂದಿಷ್ಟು ಗೋಮಾಳ ಕಾದಿರಿಸಿರುತ್ತದೆ. ಸೊನ್ನೆ ಬರೆಯುತ್ತೇನೆ ಎಂದು ನೇಗಿಲು ಹೂಡಿದವನಿಗೆ ಆ ಗೋಮಾಳ ಕಣ್ಣಿಗೇ ಬೀಳುವುದಿಲ್ಲ. ಇದಕ್ಕೆ ಡ್ರೈವಿನೊಳಗೇ ಇರುವ ಸೆಕ್ಯೂರ್ ಇರೇಸ್ ಆಜ್ಞೆಯೇ ದಾರಿ. ಆದರೆ 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನವರು ಪರೀಕ್ಷಿಸಿದಾಗ, ಒಂದು ಡ್ರೈವ್ ‘ಎಲ್ಲ ಅಳಿಸಿದೆ’ ಎಂದು ವರದಿ ಒಪ್ಪಿಸಿ ಎಲ್ಲವನ್ನೂ ಹಾಗೇ ಇಟ್ಟುಕೊಂಡಿತ್ತು. ತಮ್ಮ ಶಿಷ್ಯನೇ ಇರಬೇಕು.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಜನರ ಮಾಹಿತಿಯನ್ನು ಸರಿಯಾಗಿ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಎನ್ನುತ್ತದೆ. ದಂಡ ಕಟ್ಟುವವರ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲ. ತಮ್ಮ ಮಾತು ನಂಬಿದ ಸಂಸ್ಥೆಯೇ ತೆರಬೇಕು.

ಆದ್ದರಿಂದ ಬಿನ್ನಹ ಇಷ್ಟೇ. ಸಂದೇಶದ ಪೆಟ್ಟಿಗೆಯಲ್ಲಿ ‘ಕಂಪ್ಲೀಟ್’ ಎಂಬುದನ್ನು ತೆಗೆದು, ‘ಪುಸ್ತಕ ಬದಲಾಯಿಸಿದೆ, ಬೆಳೆ ಹಾಗೇ ಇದೆ’ ಎಂದು ಬರೆಯಿರಿ. ಅಲ್ಲಿಯತನಕ ಓದುಗರು ತಮ್ಮ ಪಾಡು ತಾವೇ ನೋಡಿಕೊಳ್ಳಲಿ. ಕಂಪ್ಯೂಟರ್ ಕೊಂಡ ದಿನವೇ, ಇಡೀ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ (ವಿಂಡೋಸ್) ಅಥವಾ ಫೈಲ್‌ವಾಲ್ಟ್ (ಮ್ಯಾಕ್) ಚಾಲೂ ಮಾಡಿದರೆ ಮಾರುವ ದಿನ ಕೀಲಿ ಅಳಿಸಿದರಾಯಿತು. ಅದಿಲ್ಲದ ತಿರುಗುವ ಡಿಸ್ಕಿಗೆ ಒಂದು ಪೂರ್ಣ ಫಾರ್ಮ್ಯಾಟ್, ಎಸ್‌ಎಸ್‌ಡಿಗೆ ತಯಾರಕರದೇ ಇರೇಸ್ ತಂತ್ರಾಂಶ. ಕೆಟ್ಟು ನಿಂತು ಯಾವ ಆಜ್ಞೆಗೂ ಓಗೊಡದ ಡಿಸ್ಕನ್ನು ಬಿಚ್ಚಿ, ಒಳಗಿನ ತಟ್ಟೆಗಳನ್ನು ಹಾಳುಗೆಡವಿದ ಮೇಲೆಯೇ ಗುಜರಿಗೆ ಹಾಕಿ.

ಇಂತಿ,
ರೀಸೈಕಲ್ ಬಿನ್ ಖಾಲಿ ಮಾಡಿ ನೆಮ್ಮದಿಯಾಗಿ ಮಲಗುತ್ತಿದ್ದ ಒಬ್ಬ ರೈತಾಪಿ ಗ್ರಾಹಕ