ನಾಳೆ ಬರ್ರಿ, ಪ್ಲೇಟು ಬರತೈತಿ

ಕಾಶಿಗೆ ಹೋದವರು ತಮಗೆ ಪ್ರಿಯವಾದ ಏನಾದರೊಂದನ್ನು ಅಲ್ಲಿ ಬಿಟ್ಟು ಬರಬೇಕು ಅನ್ನುವ ಪದ್ಧತಿ ಇದೆ. ಒಬ್ಬರು ಬದನೆಕಾಯಿ ಬಿಡುತ್ತಾರೆ, ಇನ್ನೊಬ್ಬರು ಪೇರಲಹಣ್ಣು ಬಿಡುತ್ತಾರೆ. ಜಾಣರು ಹುಟ್ಟಿದಾಗಿನಿಂದ ನಾಲಿಗೆಗೆ ತಾಗಿಸದ ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಾರೆ. ಮುದ್ರಣ ಕಾಶಿ ಎನ್ನಿಸಿಕೊಂಡ ಗದಗಿನಲ್ಲಿ ಈ ಜಾಣತನ ನಡೆಯುವುದಿಲ್ಲ. ಪ್ರೆಸ್ಸಿನ ಮೆಟ್ಟಿಲು ಹತ್ತಿದವರು ಎರಡನ್ನು ಬಿಟ್ಟೇ ಇಳಿಯಬೇಕು: ಅಡ್ವಾನ್ಸು ಮತ್ತು ಅವಸರ.

ಮುಂಡರಗಿ ಕಡೆಯಿಂದ ಮಗಳ ಲಗ್ನಪತ್ರಿಕೆ ಹಾಕಿಸಲು ಬಂದ ಯಜಮಾನರನ್ನೇ ನೋಡಿ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಒಂದೇ ಪ್ರಶ್ನೆ ರೂಢಿ ಮಾಡಿಕೊಂಡು ಬಂದಿರುತ್ತಾರೆ, ರೊಕ್ಕ ಎಷ್ಟಾಕ್ಕೈತಿ ಅಂತ. ಅದನ್ನು ಕೇಳುವ ಮೊದಲೇ ಮಾಲಕರು ಶುರು ಮಾಡುತ್ತಾರೆ.

"ಬರ್ರಿ ಯಜಮಾನ್ರ, ಕುಂದರ್ರಿ. ಎಷ್ಟು ಜಿಎಸ್‌ಎಂ ಬೇಕ್ರಿ?"

"ಐನೂರ ಬೇಕ್ರಿ."

"ಅದು ನಗದ ಲೆಕ್ಕಾತ್ರಿ. ನಾ ಕೇಳಿದ್ದು ಜಿಎಸ್‌ಎಂ. ಇರ್ಲಿ ಬಿಡ್ರಿ. ಮ್ಯಾಟೋ, ಗ್ಲಾಸಿನೋ?"

"ಗ್ಲಾಸ್ ಬ್ಯಾಡ್ರಿ, ಹಂಚೂ ಮುಂದ ಒಡದಗಿಡದಾವು."

"ಸುತ್ತ ಮೂರು ಎಂಎಂ ಬ್ಲೀಡ್ ಬಿಡ್ತೀವಿ, ಚಿಂತಿ ಮಾಡಬ್ಯಾಡ್ರಿ."

ಬ್ಲೀಡ್ ಅಂದರೆ ರಕ್ತ ಅನ್ನುವಷ್ಟು ಇಂಗ್ಲಿಷು ಬರುವ ಅಳಿಯ ಪಕ್ಕದಲ್ಲಿ ಕೂತಿದ್ದರೆ ಅವನ ಮುಖವನ್ನೊಮ್ಮೆ ನೋಡಬೇಕು. ಬ್ಲೀಡ್ ಅಂದರೆ ಅಂಥದ್ದೇನೂ ಅಲ್ಲ. ಬಣ್ಣ ಕಾರ್ಡಿನ ಅಂಚಿನವರೆಗೂ ಇರಬೇಕಾದರೆ ಕತ್ತರಿಸುವ ಗೆರೆಯಾಚೆಗೂ ಒಂದಿಷ್ಟು ಹರಡಿರಬೇಕು. ಇಲ್ಲದಿದ್ದರೆ ಕಟಿಂಗ್ ಕೂದಲೆಳೆಯಷ್ಟು ಸರಿದರೂ ಬಿಳಿಯ ಗೆರೆ ಹಲ್ಲು ಕಿರಿಯುತ್ತದೆ. ಇದನ್ನು ಹೀಗೆ ಎರಡು ಮಾತಿನಲ್ಲಿ ಹೇಳಿಬಿಡಬಹುದು. ಹೇಳಿದರೆ ಗಿರಾಕಿಗೆ ತಿಳಿದುಬಿಡುತ್ತದೆ, ತಿಳಿದರೆ ಅವನು ದರಕ್ಕೆ ಚೌಕಾಶಿ ಮಾಡುತ್ತಾನೆ. ಮುದ್ರಕರ ಪರಿಭಾಷೆ ಹುಟ್ಟಿದ್ದು ಕೆಲಸಕ್ಕಾಗಿ ಇರಬಹುದು. ಅದು ಇಷ್ಟು ವರ್ಷ ಬಾಳಿ ಬದುಕಿದ್ದು ಮಾತ್ರ ಗಿರಾಕಿಯನ್ನು ಕೌಂಟರಿನ ಈಚೆಗೇ ನಿಲ್ಲಿಸುವುದಕ್ಕೆ ಎಂಬುದು ನನ್ನ ಗಟ್ಟಿ ಗುಮಾನಿ.

ಗದಗಿಗೆ ಈ ಅಚ್ಚಿನ ವಿದ್ಯೆ ಸುಮ್ಮನೆ ಒಲಿಯಲಿಲ್ಲ. ಹತ್ತಿ ಬೆಳೆಯುವ ಸೀಮೆ, ರೈಲಿನ ಜಂಕ್ಷನ್, ಅಡತಿ ಅಂಗಡಿಗಳ ಸಾಲು, ಪಕ್ಕದ ಬೆಟಗೇರಿಯಲ್ಲಿ ನೇಕಾರರ ಮಗ್ಗ. ವ್ಯಾಪಾರ ಇದ್ದಲ್ಲಿ ಲೆಕ್ಕ, ಲೆಕ್ಕ ಇದ್ದಲ್ಲಿ ಕಿರ್ದಿ, ಖತಾವಣಿ, ಪಾವತಿ ಪುಸ್ತಕ. ಸಾಲದ್ದಕ್ಕೆ 1905ರಲ್ಲಿ ಇಲ್ಲೇ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಎಂಬ ಹೆಮ್ಮೆ ಅದಕ್ಕಿದೆ. ಸಂಘ ಅಂದಮೇಲೆ ಷೇರು ಪತ್ರ, ಪಾಸ್‌ಬುಕ್ಕು, ಠರಾವು ಪುಸ್ತಕ, ವಾರ್ಷಿಕ ವರದಿ. ವರದಿಯನ್ನು ಓದುವವರು ಇಲ್ಲದಿದ್ದರೂ ಅಚ್ಚು ಹಾಕುವವರು ಬೇಕೇ ಬೇಕಲ್ಲ. ಆಮೇಲೆ ಶಾಬಾದಿಮಠರ ಬುಕ್ ಡಿಪೋದಿಂದ ಪುರಾಣ, ಬಯಲಾಟದ ಪುಸ್ತಕಗಳು ಹಳ್ಳಿಹಳ್ಳಿಗೆ ಹೋದವು, ಸಂಕೇಶ್ವರರ ನಿಘಂಟು ಶಾಲೆಶಾಲೆಗೆ ಹೋಯಿತು. 1974ರಲ್ಲಿ ತೋಂಟದಾರ್ಯ ಮಠದ ಪೀಠಕ್ಕೆ ಬಂದ ಸಿದ್ಧಲಿಂಗ ಸ್ವಾಮಿಗಳು ನೂರಾರು ಪುಸ್ತಕ ಹೊರಡಿಸಿ, ಮಠಕ್ಕೆ ಹೋದವರು ವಿಭೂತಿಯ ಜೊತೆ ಪುಸ್ತಕ ಹಿಡಿದುಕೊಂಡು ಬರುವಂತೆ ಮಾಡಿದರು. ಸಂಕೇಶ್ವರರ ಮನೆತನದ ಮಗ ವಿಜಯ ಸಂಕೇಶ್ವರರು ಮಾತ್ರ ಅಚ್ಚಿನ ಮನೆಯಿಂದ ಹೊರಬಿದ್ದು 1976ರಲ್ಲಿ ಒಂದು ಲಾರಿ ಕೊಂಡರು. ಆ ಒಂದು ಲಾರಿ ಲಾರಿಗಳ ದೊಡ್ಡ ಸಾಲಾದ ಮೇಲೆ 1999ರಲ್ಲಿ 'ವಿಜಯ ಕರ್ನಾಟಕ', 2012ರಲ್ಲಿ 'ವಿಜಯವಾಣಿ' ಅಂತ ತಿರುಗಿ ಶಾಯಿಗೇ ಬಂದರು. ಕೈಗೆ ಹತ್ತಿದ ಶಾಯಿ ಸೀಮೆಎಣ್ಣೆಗೆ ಹೋಗಬಹುದು, ತಲೆಗೆ ಹತ್ತಿದ್ದು ಡೀಸೆಲ್ಲಿಗೂ ಹೋಗುವುದಿಲ್ಲ.

ಇರಲಿ, ಕಾಗದದ ಅಂಗಡಿಗೆ ಬರೋಣ. ನಮ್ಮ ಕಡೆ ಕಾಗದದ ಹಾಳೆಗೆ ತಾವು ಅನ್ನುತ್ತಾರೆ. ಹೊಸದಾಗಿ ಬೆಂಗಳೂರಿನಿಂದ ವರ್ಗವಾಗಿ ಬಂದ ಮಾಸ್ತರರೊಬ್ಬರನ್ನು ಅಂಗಡಿಯವನು "ತಾವು ಎಷ್ಟು ಬೇಕ್ರಿ?" ಅಂತ ಕೇಳಿದನಂತೆ. ಇವರು "ನಾನೊಬ್ಬನೇ ಬಂದಿದ್ದೀನಿ" ಅಂದರಂತೆ. 24 ತಾವಿಗೆ ಒಂದು ದಸ್ತು, 20 ದಸ್ತಿಗೆ ಒಂದು ರೀಮು. ಹಾಗೆ ನೋಡಿದರೆ ರೀಮಿಗೆ 480 ತಾವು, ಹಳೆಯ ಲೆಕ್ಕ ಅದೇ. ಈಗ ದುಂಡಗೆ 500. ತಲೆಮೇಲೆ ಬಂದ ಆ 20 ತಾವು ಗಿರಾಕಿಗೆ ಲಾಭವಾಯಿತೆಂದು ಯಾರೂ ಹಿಗ್ಗಬೇಕಾಗಿಲ್ಲ. ಮಶೀನು ಹೊಂದಿಸುವಾಗ ಕೆಡುವ ಹಾಳೆಗೆ 'ವೇಸ್ಟೇಜ್' ಎಂಬ ಇನ್ನೊಂದು ಶಬ್ದ ಅಷ್ಟರಲ್ಲಿ ಬಂದಿತ್ತು.

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು, ಅಷ್ಟೇ. 80 ಜಿಎಸ್‌ಎಂನ ಎ4 ಹಾಳೆ ಐದು ಗ್ರಾಂ. ಯಾಕೆಂದರೆ ಒಂದು ಚದರ ಮೀಟರಿನಲ್ಲಿ ಅಂಥವು ಹದಿನಾರು ಆಗುತ್ತವೆ. ಆದರೆ ಕಾಗದದ ವ್ಯಾಪಾರಿ ಜಿಎಸ್‌ಎಂನಲ್ಲಿ ಮಾತು ಮುಗಿಸುವವನಲ್ಲ. "ಹದಿನೆಂಟು ಪಾಯಿಂಟ್ ಏಳು ಐತ್ರಿ" ಅನ್ನುತ್ತಾನೆ. ಏನದು? 23 ಇಂಚು ಅಗಲ, 36 ಇಂಚು ಉದ್ದ, 70 ಜಿಎಸ್‌ಎಂ, ಮೂರನ್ನೂ ಗುಣಿಸಿ 3,100ರಿಂದ ಭಾಗಿಸಿದರೆ ಒಂದು ರೀಮಿನ ತೂಕ ಕಿಲೋದಲ್ಲಿ ಬರುತ್ತದೆ. ನಾಕನೆಯ ಇಯತ್ತೆಗೆ ಶಾಲೆ ಬಿಟ್ಟ ಕಟಿಂಗ್ ಮಶೀನಿನ ಕಾಕಾ ಈ ಲೆಕ್ಕವನ್ನು ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಹೇಳುತ್ತಾನೆ. ಅವನಿಗೆ ಲೆಕ್ಕವೂ ಬೇಕಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ತಾವಿನ ಮೂಲೆ ಹಿಡಿದು ಒಮ್ಮೆ ತಿಕ್ಕಿ, ಕಿವಿಯ ಹತ್ತಿರ ಫಟ್ ಎಂದು ಝಾಡಿಸಿ, "ಇದು ಅರವತ್ತರ ಒಳಗೈತಿ, ಎಪ್ಪತ್ತಂತ ಹೇಳಿ ನಿಮಗ ಟೋಪಿ ಹಾಕ್ಯಾರ" ಅನ್ನುತ್ತಾನೆ.

ಟೋಪಿ ಅಂದದ್ದಕ್ಕೆ ನೆನಪಾಯಿತು. ಕಾಗದದ ಅಳತೆಗಳ ಹೆಸರು ಕೇಳಿದರೆ ದರಬಾರಿನಲ್ಲಿ ನಿಂತಂತಾಗುತ್ತದೆ. ರಾಯಲ್ ಎಂದರೆ 20 ಇಂಚಿಗೆ 25 ಇಂಚು. ಕ್ರೌನ್ ಎಂದರೆ 15ಕ್ಕೆ 20, ಅದು ರಾಜನ ಕಿರೀಟ. ಹಳೆಯ ಕಾಲದಲ್ಲಿ ಕಾಗದ ಮಾಡುವವರು ಹಾಳೆಯೊಳಗೆ ನೀರುಗುರುತಾಗಿ ಕಿರೀಟ ಮೂಡಿಸುತ್ತಿದ್ದರು. ಇನ್ನೊಂದು ಜಾತಿಯ ಹಾಳೆಗೆ ವಿದೂಷಕನ ಗೆಜ್ಜೆ ಟೋಪಿಯ ಗುರುತಿತ್ತು, ಅದೇ ಫೂಲ್ಸ್‌ಕ್ಯಾಪ್. ನಮ್ಮ ಶಾಲೆಗಳಲ್ಲಿ, ಕಚೇರಿಗಳಲ್ಲಿ ಅದು ಫುಲ್‌ಸ್ಕೇಪ್ ಆಯಿತು. ತಹಶೀಲ್ದಾರರಿಗೆ, ಕಲೆಕ್ಟರರಿಗೆ ಜನ ಇಷ್ಟು ವರ್ಷ ಅರ್ಜಿ ಬರೆದದ್ದು ಕಿರೀಟದ ಹಾಳೆಯ ಮೇಲಲ್ಲ, ಈ ಟೋಪಿಯ ಹಾಳೆಯ ಮೇಲೆ. ಅರ್ಜಿಗಳ ಗತಿ ಏನಾಯಿತೆಂದು ಬಿಡಿಸಿ ಹೇಳಬೇಕೆ?

ಪುಸ್ತಕ ಹಾಕಿಸುವ ಸಾಹಿತಿಗಳ ಪಾಡು ಲಗ್ನಪತ್ರಿಕೆಯ ಯಜಮಾನರಿಗಿಂತ ಕಷ್ಟದ್ದು, ಯಾಕೆಂದರೆ ಇವರು ತಮಗೆ ಎಲ್ಲ ಗೊತ್ತಿದೆ ಎಂದುಕೊಂಡು ಬಂದಿರುತ್ತಾರೆ. ಡೆಮಿ 1/8 ಅಳತೆಯ ಪುಸ್ತಕದಲ್ಲಿ ದೊಡ್ಡ ತಾವಿನ ಒಂದು ಮಗ್ಗುಲಿಗೆ ಎಂಟು ಪುಟ, ಎರಡೂ ಮಗ್ಗುಲಿಗೆ ಹದಿನಾರು. ಈ ಹದಿನಾರಕ್ಕೆ ಒಂದು ಫಾರಂ. ಕವಿಗಳು ತಮ್ಮ ಸಂಕಲನದಲ್ಲಿ ಎಷ್ಟು ಕವಿತೆ ಇವೆ ಅನ್ನುವುದನ್ನು ಮರೆತಾರು, ಎಷ್ಟು ಫಾರಂ ಅನ್ನುವುದನ್ನು ಮರೆಯುವುದಿಲ್ಲ. ಈಗ ಪುಸ್ತಕ 147 ಪುಟಕ್ಕೆ ಮುಗಿಯಿತೆನ್ನಿ. ಒಂಬತ್ತು ಫಾರಮಿಗೆ 144, ಮೂರು ಪುಟ ಹೊರಗೆ ಜೋತಾಡುತ್ತವೆ. ಮುದ್ರಕ ಹೇಳುತ್ತಾನೆ: "ಸರ್, ಮೂರು ಪುಟ ತಗೀರಿ, ಇಲ್ಲಾ ಹದಿಮೂರು ಪುಟ ಕೊಡ್ರಿ." ಬರೆದದ್ದನ್ನು ತೆಗೆದ ಕವಿಯನ್ನು ನೀವು ಕಂಡಿದ್ದೀರಾ? ಕೊಡುತ್ತಾರೆ. ಮುನ್ನುಡಿ, ಹಿನ್ನುಡಿ, ಎರಡು ಮಾತು, ಮನದ ಮಾತು, ಪ್ರಕಾಶಕರ ಮಾತು, ಕೃತಜ್ಞತೆ, ಕವಿಪರಿಚಯ, ಪರಿಚಯದ ಕೊನೆಗೆ ಸನ್ಮಾನಗಳ ಯಾದಿ. 'ಎರಡು ಮಾತು' ಐದು ಪುಟ ಯಾಕಾಯಿತೆಂದು ವಿಮರ್ಶಕರು ತಲೆ ಕೆಡಿಸಿಕೊಳ್ಳುತ್ತಾರೆ. ಬೈಂಡರನನ್ನು ಕೇಳಿದ್ದರೆ ಹೇಳುತ್ತಿದ್ದ. ಮೇಲಾಗಿ ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳುವಾಗ ದರ ಕಟ್ಟುವುದು ಪುಟದ ಲೆಕ್ಕಕ್ಕೆ. ಸಂಕ್ಷೇಪವಾಗಿ ಬರೆಯಿರಿ ಎಂದು ಲೇಖಕರಿಗೆ ಉಪದೇಶ ಮಾಡುವವರು ಇದನ್ನೂ ಸ್ವಲ್ಪ ಯೋಚಿಸಬೇಕು.

ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದ ಶಬ್ದಗಳೆಂದರೆ ನನಗೆ ಈಗಲೂ ಜೀವ. ಇಂಗ್ಲಿಷಿನವರು ಇಪ್ಪತ್ತಾರು ಅಕ್ಷರ, ಅದರಲ್ಲಿ ದೊಡ್ಡದು ಚಿಕ್ಕದು ಅಂತ ಎರಡು ಕೇಸಿನಲ್ಲಿ ಸಂಸಾರ ಮುಗಿಸಿದರು. ಕನ್ನಡದ ಕಂಪೋಜಿಟರನಿಗೆ ಕಾಗುಣಿತ, ಒತ್ತು, ಅರ್ಕಾವತ್ತು ಎಲ್ಲಕ್ಕೂ ಮನೆ ಬೇಕಿತ್ತು. ಕೈಯಲ್ಲಿ ಸ್ಟಿಕ್ಕು ಹಿಡಿದು, ಕಣ್ಣು ಹಸ್ತಪ್ರತಿಯ ಮೇಲಿಟ್ಟು, ಬೆರಳು ತಾನಾಗಿ ಹೋಗಿ ಮೊಳೆ ಎತ್ತುವ ಆ ಕೆಲಸ ನೋಡುವುದೇ ಚಂದವಿತ್ತು. ಅವನಿಗೆ ಶತ್ರುಗಳು ಎರಡು. ಒಂದು 'ಪೈ', ಅಂದರೆ ಜೋಡಿಸಿಟ್ಟ ಪುಟ ಕೈಜಾರಿ ಬಿದ್ದು ಮೊಳೆಗಳೆಲ್ಲ ಕಲಸಿಹೋಗುವುದು. ಹೊಸ ಹುಡುಗನಿಂದ ಪೈ ಆಯಿತೆಂದರೆ ಆ ದಿನ ಪ್ರೆಸ್ಸಿನಲ್ಲಿ ಕೇಳಿಬರುವ ಕನ್ನಡವನ್ನು ಮಾತ್ರ ಯಾರೂ ಅಚ್ಚು ಹಾಕಿದ್ದಿಲ್ಲ. ಇನ್ನೊಂದು ನಮ್ಮ ಲಗ್ನಪತ್ರಿಕೆ. ದಿವ್ಯ ಸಾನ್ನಿಧ್ಯ ವಹಿಸುವವರು ಶ್ರೀ ಮ.ನಿ.ಪ್ರ., ಪಕ್ಕದ ಮಠದವರು ಷ.ಬ್ರ., ಮಂತ್ರ ಹೇಳುವವರು ವೇ.ಮೂ., ವರ ಚಿ., ವಧು ಚಿ.ಕುಂ.ಸೌ. ಅಕ್ಷರಕ್ಕಿಂತ ಚುಕ್ಕಿ ಹೆಚ್ಚು! ಮಾಘ, ವೈಶಾಖದ ಮುಹೂರ್ತಗಳಲ್ಲಿ ಕೇಸಿನಲ್ಲಿ ಚುಕ್ಕಿಯ ಮನೆಯೇ ಮೊದಲು ಬರಿದಾಗಬೇಕು. ಒಂದು ಚುಕ್ಕಿ ಬಿಟ್ಟರೆ ಮಠದಿಂದ ಬುಲಾವು, ಎರಡು ಬಿಟ್ಟರೆ ಬೀಗರಿಂದ.

ಕಂಪ್ಯೂಟರು ಬಂದಮೇಲೆ ಚುಕ್ಕಿಗೆ ಬರ ಇಲ್ಲ. ಅದರ ಬದಲು ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಯೂನಿಕೋಡು ಡಿಟಿಪಿ ಹುಡುಗನ ನುಡಿ ಫಾಂಟಿನಲ್ಲಿ ಬಿದ್ದು, ಚಿ. ಬಸವರಾಜ ಎಂಬ ವರ ಚೌಕ, ಪ್ರಶ್ನಾರ್ಥಕಗಳ ಸಾಲಾಗಿ ನಿಲ್ಲುತ್ತಾನೆ. ಅವನ ಮುಂದಿನ ಬಾಳಿನ ಬಗ್ಗೆ ಕಂಪ್ಯೂಟರಿಗೆ ಏನು ಸುಳಿವು ಸಿಕ್ಕಿತೋ.

ಲಕ್ಷ್ಮೇಶ್ವರದವರ ಗತ್ತು ಬೇರೆ. ಅವರ ಊರು ಹಳೆಯ ಪುಲಿಗೆರೆ. ಕವಿರಾಜಮಾರ್ಗ ಕನ್ನಡದ ತಿರುಳು ಇಲ್ಲಿದೆ ಎಂದು ಬೊಟ್ಟು ಮಾಡಿದ ನಾಲ್ಕು ಊರುಗಳಲ್ಲಿ ಅದೊಂದು, 941ರ ಹೊತ್ತಿಗೆ ಪಂಪನೂ ತನ್ನ ಕನ್ನಡ ಆ ನಾಡಿನದೆಂದು ಹೇಳಿಕೊಂಡ. ಹೀಗಾಗಿ ಅವರಿಗೆ ಪ್ರೂಫ್ ಕೊಟ್ಟರೆ ಕೆಂಪು ಶಾಯಿಯ ಪೆನ್ನು ತಾವೇ ಕಿಸೆಯಿಂದ ತೆಗೆಯುತ್ತಾರೆ. ಶ, ಷ ತಿದ್ದುತ್ತಾರೆ, ಸಾನ್ನಿಧ್ಯಕ್ಕೆ ದೀರ್ಘ ಕೊಡುತ್ತಾರೆ, ಸೋದರಮಾವನ ಹೆಸರಿನ ಹಿಂದೆ 'ನಿವೃತ್ತ' ಸೇರಿಸುತ್ತಾರೆ. ಇಷ್ಟೆಲ್ಲ ನೋಡಿ, ಕೆಳಗೆ ಓಕೆ ಅಂತ ಬರೆದು ಸಹಿ ಹಾಕಿ ಹೋದಮೇಲೆ ಅಚ್ಚಾಗಿ ಬಂದ ಕಾರ್ಡಿನಲ್ಲಿ 'ಊಟದ ವ್ಯವಸ್ಥೆ' ಇದ್ದದ್ದು 'ಊಟದ ಅವಸ್ಥೆ' ಆಗಿರುತ್ತದೆ. ಇದನ್ನು ಮಾಡುವವನಿಗೆ ನಾವು ಮುದ್ರಾರಾಕ್ಷಸ ಅಂತ ಸಂಸ್ಕೃತ ನಾಟಕದ ಹೆಸರನ್ನೇ ಕೊಟ್ಟಿದ್ದೇವೆ, ಬೈಯುವುದಕ್ಕೂ ಒಂದು ಗೌರವ ಇರಲಿ ಅಂತ. ಮಾಲಕರು ಮಾತಾಡುವುದಿಲ್ಲ. ಸಹಿ ಹಾಕಿದ ಪ್ರೂಫನ್ನು ಮೆಲ್ಲಗೆ ಮುಂದೆ ಸರಿಸುತ್ತಾರೆ.

ಇನ್ನು ವಾಯಿದೆ. ಮೊದಲ ಸಲ ಹೋದರೆ ಡಿಸೈನ್ ನಡೆದಿರುತ್ತದೆ. ಎರಡನೆಯ ಸಲ "ಪ್ಲೇಟು ಬರಬೇಕ್ರಿ," ಅಂದರೆ ಅಚ್ಚು ಒತ್ತುವ ತಗಡು. ಆಮೇಲೆ "ಮಶೀನ್ ಮ್ಯಾಲೈತ್ರಿ." ಇದನ್ನು ನಂಬಿ ಖುಷಿಯಿಂದ ಶಿರಹಟ್ಟಿ ಬಸ್ಸು ಹತ್ತಬೇಡಿ, ಒಳಗೆ ಹೋಗಿ ನೋಡಿ. ನಿಮ್ಮ ಕಾಗದದ ಕಟ್ಟು ಬಂದಾಗಿರುವ ಮಶೀನಿನ ಮೇಲೆ ಅಕ್ಷರಶಃ ಇಟ್ಟಿರುತ್ತದೆ, ಅದರ ಮೇಲೆ ಚಹಾದ ಕಪ್ಪು. ಕೊನೆಯದು "ಒಣಗಬೇಕ್ರಿ." ಇದನ್ನು ಮಾತ್ರ ನಂಬಬೇಕು. ಆಫ್‌ಸೆಟ್ ಶಾಯಿ ಎಣ್ಣೆಯ ಶಾಯಿ. ಗಾಳಿ ತಾಗಿ ಗಟ್ಟಿಯಾಗುವ ಮೊದಲೇ ಕಟ್ಟು ಕಟ್ಟಿ ಕಟಿಂಗಿಗೆ ಹಾಕಿದರೆ ಒಂದು ಹಾಳೆಯ ಮುಖ ಇನ್ನೊಂದರ ಬೆನ್ನಿಗೆ ಬಡಿಯುತ್ತದೆ, ಮಳೆಗಾಲದಲ್ಲಿ ಇನ್ನೂ ತಡ. ಮುದ್ರಕರ ನೆವಗಳಲ್ಲಿ ತೊಡಕೇ ಇದು, ಅರ್ಧ ನಿಜ ಇರುತ್ತವೆ. ಯಾವ ಅರ್ಧ ಅನ್ನುವುದಕ್ಕೆ ಪರಿಭಾಷೆ ಗೊತ್ತಿರಬೇಕು. ಮಹಾನವಮಿಯ ಖಂಡೇಪೂಜೆಯ ದಿನ ಹೋದರಂತೂ ಶಬ್ದಗಳೂ ಬೇಕಾಗುವುದಿಲ್ಲ. ಮಶೀನಿಗೆ ವಿಭೂತಿ, ಕುಂಕುಮ, ಬಾಳೆಕಂಬ. ದೇವರಾಗಿ ಕೂತವರಿಗೆ ಕೆಲಸ ಹೇಳಲಾದೀತೆ?

ಅತ್ತ ಶಿವಕಾಶಿಯಿಂದ ಬಣ್ಣಬಣ್ಣದ ಖಾಲಿ ಕಾರ್ಡುಗಳು, ಗಣಪನ ಸಮೇತ ಸಿದ್ಧವಾಗಿ ಬಂದು ಬೀಳುತ್ತವೆ. ನಮ್ಮ ಕಾಶಿಯವರು ಆ ಕಾಶಿಯ ಕಾರ್ಡಿನ ಮೇಲೆ ಹೆಸರು ಹಾಕಿ ಕೊಡುತ್ತಾರೆ. ಪೈಪೋಟಿಯೇನೋ ಹೌದು, ಆದರೆ ಶಿವಕಾಶಿಯವರಿಗೆ ಮ.ನಿ.ಪ್ರ. ಬರೆಯಲು ಬರುವುದಿಲ್ಲವಲ್ಲ.

ಈ ಅಚ್ಚಿನ ವಿದ್ಯೆ ಕೈಗೆ ಹತ್ತಿದರೆ ಊರುಬಿಟ್ಟರೂ ಬಿಡುವುದಿಲ್ಲ. ಮುಂಡರಗಿ ತಾಲೂಕಿನ ದಂಬಳದಲ್ಲಿ ತೋಂಟದಾರ್ಯರ ರೊಟ್ಟಿ ಜಾತ್ರೆ ನಡೆಯುತ್ತದೆ. ಊರೂರಲ್ಲಿ ಬಡಿದ ಕಡಕ್ ಜೋಳದ ರೊಟ್ಟಿ, ಜೊತೆಗೆ ನಂಜಿಕೊಳ್ಳಲು ಕರಿಂಡಿ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಕಟಿಂಗ್ ಮಶೀನಿನ ಕಾಕಾ ರೊಟ್ಟಿಯ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತಿಕ್ಕಿದ, ಬೆಳಕಿಗೆ ಹಿಡಿದು ನೋಡಿದ. ಬಡಿಸುತ್ತಿದ್ದ ಅವ್ವ "ಯಾಕಪ್ಪಾ, ಏನಾಗೇತಿ ರೊಟ್ಟಿಗೆ?" ಅಂದಳು.

"ಏನಿಲ್ಲಬೇ, ಮುನ್ನೂರು ಜಿಎಸ್‌ಎಂ ಭರ್ತಿ ಐತಿ. ಇನ್ನೊಂದು ನಾಕು ನಗ ಹಾಕು."