ಚ್ಯವನ ಮಹರ್ಷಿಗಳಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಚ್ಯವನ ಮಹರ್ಷಿಗಳಿಗೆ,



ತಮ್ಮ ಹೆಸರು ನಮ್ಮ ಮನೆಗಳಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ನೆಲ್ಲಿಕಾಯಿ ಲೇಹ್ಯದ ಡಬ್ಬಿಯ ಮೇಲೆ ಅಚ್ಚಾಗಿರುವ ಹೆಸರು ತಮ್ಮದೇ. ಮುಪ್ಪಿನಲ್ಲಿದ್ದ ಋಷಿ ಮತ್ತೆ ಪ್ರಾಯಕ್ಕೆ ಬಂದ ಕಥೆ ಮಕ್ಕಳಿಗೂ ಗೊತ್ತು. ಆ ಮುಪ್ಪಿನ ಋಷಿಯ ಕೈಹಿಡಿದು ಕಾಡಿನಲ್ಲಿ ಸಂಸಾರ ಮಾಡಿದ ಸುಕನ್ಯೆಯ ಹೆಸರು ಹೇಳಿದರೆ ಮಾತ್ರ ಎಷ್ಟೋ ಜನ ಯಾರದು ಎಂದು ಕೇಳುತ್ತಾರೆ. ವಯಸ್ಸಿನಲ್ಲಿ ಬಹಳ ಅಂತರವಿರುವ ಜೋಡಿಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತೂ ಹೀಗೇ. ದೊಡ್ಡವರ ಬಗ್ಗೆ ಊರೆಲ್ಲ ಮಾತಾಡುತ್ತದೆ, ಚಿಕ್ಕವರನ್ನು ಯಾರೂ ವಿಚಾರಿಸುವುದಿಲ್ಲ. ಅದಕ್ಕಾಗಿ ಈ ಪತ್ರ.

ಮಹಾಭಾರತದ ವನಪರ್ವದಲ್ಲಿ ಲೋಮಶ ಋಷಿಗಳು ಧರ್ಮರಾಯನಿಗೆ ಹೇಳಿದ ಕಥೆಯನ್ನೇ ನಂಬಿ ಬರೆಯುತ್ತಿದ್ದೇನೆ. ತಪಸ್ಸಿಗೆ ಕೂತ ತಮ್ಮ ಮೈಮೇಲೆ ಹುತ್ತ ಬೆಳೆದಿತ್ತು. ಶರ್ಯಾತಿ ರಾಜನ ಮಗಳು ಆಡುತ್ತಾ ಬಂದಳು, ಹುತ್ತದೊಳಗೆ ಏನೋ ಎರಡು ಹೊಳೆಯುವುದನ್ನು ಕಂಡಳು, ಅವು ಕಣ್ಣೆಂದು ತಿಳಿಯದೆ ಮುಳ್ಳಿನಿಂದ ಚುಚ್ಚಿದಳು. ತಮ್ಮ ಕೋಪಕ್ಕೆ ರಾಜನ ಸೈನ್ಯಕ್ಕೆಲ್ಲ ಮಲಮೂತ್ರ ಕಟ್ಟಿತು. ರಾಜ ಬಂದು ಕ್ಷಮೆ ಬೇಡಿದ. ತಾವು ಅವನ ಮಗಳನ್ನೇ ಕೇಳಿದಿರಿ, ಅವನು ಹಿಂದುಮುಂದು ನೋಡದೆ ಕೊಟ್ಟುಬಿಟ್ಟ. ಸೈನ್ಯ ಸುಧಾರಿಸಿಕೊಂಡಿತು, ರಾಜ ಊರಿಗೆ ಹೋದ, ಹುಡುಗಿ ಕಾಡಿನಲ್ಲಿ ಉಳಿದಳು. ಅವಳಿಗೆ ಒಪ್ಪಿಗೆಯೇ ಎಂದು ಕೇಳಿದ್ದು ಆ ಕಥೆಯ ಮೊದಲ ಭಾಗದಲ್ಲಿ ಎಲ್ಲೂ ಇಲ್ಲ.

ಪುರಾಣ ಕಾಲದ್ದು ಎಂದು ಬಿಡುವಂತಿಲ್ಲ. 1894ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಒಂದು ಕಾನೂನು ತಂದಿತು. 8 ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಬಾರದು. 50 ದಾಟಿದ ಗಂಡಸಿಗೆ 14 ತುಂಬದ ಹುಡುಗಿಯನ್ನು ಕೊಡಬಾರದು. ಸರ್ಕಾರವೊಂದು ಇಷ್ಟು ಬಿಡಿಸಿ ಬರೆದು ತಡೆಯಬೇಕಾಗಿ ಬಂತೆಂದರೆ ಅಂಥ ಮದುವೆಗಳು ನಮ್ಮ ನೆಲದಲ್ಲಿ ನಡೆಯುತ್ತಿದ್ದವು ಎಂದೇ ಅರ್ಥ. ಆ ಕಾನೂನಿನ ಪ್ರಕಾರವೂ 49ರ ಗಂಡಸು 9ರ ಬಾಲೆಯ ಕೊರಳಿಗೆ ತಾಳಿ ಕಟ್ಟಬಹುದಿತ್ತು. ಇಂದು ಹುಡುಗಿಗೆ 18, ಹುಡುಗನಿಗೆ 21. ಹದಿನೆಂಟು ತುಂಬದವಳ ವಿಷಯದಲ್ಲಿ ಲಾಭ ನಷ್ಟ ತೂಗಲು ಏನೂ ಇಲ್ಲ, ಅದು ಅಪರಾಧ. ನಾನು ಬರೆಯುತ್ತಿರುವುದು ಪ್ರಾಯಕ್ಕೆ ಬಂದ ಇಬ್ಬರ ಬಗ್ಗೆ: ನಲವತ್ತೈದರವನು ಮತ್ತು ಇಪ್ಪತ್ತೈದರವಳು, ಅಪರೂಪಕ್ಕೆ ಅದರ ತಿರುಗುಮುರುಗು.

ಅಂಥ ಜೋಡಿಗೆ ಒಳ್ಳೆಯದೇ ಇಲ್ಲ ಎಂದು ನಾನು ಹೇಳುವವಳಲ್ಲ. ಜೀವನದಲ್ಲಿ ಒಮ್ಮೆ ಸೋತು, ಒಮ್ಮೆ ಅಳು ನುಂಗಿಕೊಂಡು ಮಾಗಿದವರಲ್ಲಿ ಇಪ್ಪತ್ತೈದರ ಹುಡುಗರಿಗೆ ಇರದ ತಾಳ್ಮೆ ಇರುತ್ತದೆ. ಸಾಲ ತೀರಿರುತ್ತದೆ, ತಲೆಯ ಮೇಲೊಂದು ಸೂರು ಇರುತ್ತದೆ, ಯಾರನ್ನೋ ಮೆಚ್ಚಿಸುವ ಹಟ ಇಳಿದಿರುತ್ತದೆ. ಚಿಕ್ಕವರ ಸಹವಾಸದಲ್ಲಿ ದೊಡ್ಡವರೂ ಹೊಸದಾಗಿ ಕಲಿಯುತ್ತಾರೆ, ನಗುತ್ತಾರೆ, ಊರು ಸುತ್ತುತ್ತಾರೆ. ದಿಲೀಪ್ ಕುಮಾರ್ 1966ರಲ್ಲಿ ಸಾಯಿರಾ ಬಾನು ಅವರನ್ನು ಮದುವೆಯಾದಾಗ ಇಬ್ಬರ ನಡುವೆ ಹತ್ತಿರ ಹತ್ತಿರ 22 ವರ್ಷದ ಅಂತರ. 2021ರಲ್ಲಿ ದಿಲೀಪ್ ತೀರಿಕೊಳ್ಳುವವರೆಗೆ, ಸುಮಾರು 55 ವರ್ಷ ಅವರು ಜೊತೆಗಿದ್ದರು. ಒಂದೇ ಓರಗೆಯ ಎಷ್ಟು ಜೋಡಿಗಳಿಗೆ ಇಷ್ಟು ವರ್ಷ ಸಿಗುತ್ತದೆ? ಆ ದಾಂಪತ್ಯದ ಕೊನೆಯ ವರ್ಷಗಳು ಆಸ್ಪತ್ರೆ ಮತ್ತು ಮನೆಯ ನಡುವಿನ ಓಡಾಟದಲ್ಲಿ ಕಳೆದವು ಎಂಬುದೂ ನಿಜ, ಆ ಓಡಾಟ ಸಾಯಿರಾ ಅವರ ಪಾಲಿಗೆ ಬಂತು.

ನಮ್ಮ ಸೀಮೆಯಲ್ಲಿ ಈ ಅಂತರ ಸಿನಿಮಾ ತಾರೆಯರಿಂದ ಬಂದದ್ದಲ್ಲ. ಅದು ನಮ್ಮ ಅಡುಗೆಮನೆಗಳಲ್ಲೇ ಇದೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವ ಪದ್ಧತಿ ಬಯಲುಸೀಮೆಯಲ್ಲಿ, ಹಳೇ ಮೈಸೂರಿನಲ್ಲಿ, ಆಂಧ್ರ ಮತ್ತು ತಮಿಳು ಗಡಿಯ ಊರುಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ ಮತ್ತು ಸೊಸೆಯ ಮದುವೆಯನ್ನು ನಿಷಿದ್ಧ ಸಂಬಂಧಗಳ ಸಾಲಿಗೆ ಸೇರಿಸಿ, ರೂಢಿ ಇದ್ದಲ್ಲಿ ನಡೆಯಲಿ ಎಂದು ಬಾಗಿಲು ತೆರೆದಿಟ್ಟಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಕ್ತಸಂಬಂಧದ ಮದುವೆಗಳು ಹೆಚ್ಚಿರುವ ರಾಜ್ಯಗಳೆಂದರೆ ತಮಿಳುನಾಡು ಮತ್ತು ನಮ್ಮ ಕರ್ನಾಟಕ; ಇಲ್ಲಿ ನಾಲ್ಕರಲ್ಲಿ ಒಂದಕ್ಕೂ ಹೆಚ್ಚು. ಅತ್ತೆಯ ಮಕ್ಕಳು, ಮಾವನ ಮಕ್ಕಳೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಸೋದರಮಾವನಾದರೆ ಹತ್ತು ಹದಿನೈದು ವರ್ಷದ ಅಂತರ ಸಾಮಾನ್ಯ.

ಈ ಮದುವೆಯ ಸುಖ ಏನೆಂದು ಆಯಾ ಮನೆಯ ಹೆಂಗಸರೇ ಹೇಳುತ್ತಾರೆ. ಅತ್ತೆ ಹೊರಗಿನವಳಲ್ಲ, ತಾನು ಆಡಿ ಬೆಳೆದ ಮಡಿಲಿನ ಅಜ್ಜಿ. ಮನೆಯ ಉಪ್ಪಿನಕಾಯಿ ಭರಣಿ ಎಲ್ಲಿದೆ ಎಂಬುದೂ ಮೊದಲೇ ಗೊತ್ತು. ಗಂಡನ ಮುಂಗೋಪ, ಅವನ ಕೈಬಿಗಿತ, ಅವನ ಒಳ್ಳೆತನ ಯಾವುದೂ ಹೊಸತಲ್ಲ. ವರದಕ್ಷಿಣೆಯ ಮಾತು ಏಳುವುದಿಲ್ಲ, ಎದ್ದರೂ ಮೆಲ್ಲಗೆ. ಮನೆ ಚೆನ್ನಾಗಿದ್ದರೆ ಇದೆಲ್ಲ ನಿಜ. ಮನೆ ಕೆಟ್ಟಾಗ? ಗಂಡ ಕೈಯೆತ್ತಿದ ದಿನ ಹುಡುಗಿ ತವರಿಗೆ ಹೋಗಬೇಕು, ಆದರೆ ತವರಿನಲ್ಲಿ ಇರುವ ತಾಯಿ ಅವನ ಅಕ್ಕ. ಅಳುತ್ತಾ ಬಂದ ಮಗಳನ್ನು ಒಳಗೆ ಕರೆದುಕೊಂಡರೆ ತಾನು ಎತ್ತಿ ಬೆಳೆಸಿದ ತಮ್ಮನನ್ನು ಎದುರು ಹಾಕಿಕೊಳ್ಳಬೇಕು, ವಯಸ್ಸಾದ ತಾಯಿಯ ಮನೆಯ ಬಾಗಿಲನ್ನೂ ಮುಚ್ಚಿಕೊಳ್ಳಬೇಕು. ಆ ತಾಯಿ ಬಹಳ ಸಲ ಮಗಳಿಗೇ ಬುದ್ಧಿ ಹೇಳಿ ಕಳಿಸುತ್ತಾಳೆ. ಇನ್ನೂ ಒಂದು ಇದೆ. ತೊಟ್ಟಿಲು ತೂಗಿದ ಕೂಸು ಹೆಂಡತಿಯಾದಾಗ ಅವಳು ಬೆಳೆದಿದ್ದಾಳೆ ಎಂಬುದು ಅವನ ಮನಸ್ಸಿಗೆ ಇಳಿಯುವುದು ಕಷ್ಟ. ನಿನಗೇನು ಗೊತ್ತು ಸುಮ್ಮನಿರು ಎಂಬ ಮಾತು ಹಾಸಿಗೆ ಹಿಡಿಯುವ ಕಾಲದವರೆಗೂ ಹೋಗುವುದಿಲ್ಲ.

ಈಗ ಇದಕ್ಕೆ ಮತ್ತೊಂದು ಸೇರಿಕೊಂಡಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತರು ತಮಗೂ ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರ ನೋವನ್ನು ನಾನು ಹಗುರ ಮಾಡುವುದಿಲ್ಲ. ಹೆಣ್ಣು ಭ್ರೂಣಗಳನ್ನು ಕೊಂದ ಊರುಗಳು, ಹೊಲದ ಕೆಲಸವನ್ನು ಕೀಳಾಗಿ ಕಂಡ ಪೇಟೆ, ಎರಡರ ಪಾಪವೂ ಆ ಹುಡುಗರ ತಲೆಗೆ ಬಿದ್ದಿದೆ. ಆದರೆ ಹುಡುಕಿ ಹುಡುಕಿ ನಲವತ್ತಾದಾಗ ದಲ್ಲಾಳಿಯ ಮೂಲಕ ದೂರದ ಬಡಮನೆಯ ಇಪ್ಪತ್ತೆರಡರ ಹುಡುಗಿ ಬಂದರೆ, ಅವಳಿಗೆ ಇಲ್ಲಿನ ಮಾತು ಬಾರದು, ಕಷ್ಟ ಹೇಳಿಕೊಳ್ಳಲು ಒಬ್ಬ ಗೆಳತಿಯೂ ಇಲ್ಲ. ಅಲ್ಲಿ ವಯಸ್ಸಿನ ಅಂತರಕ್ಕಿಂತ ದೊಡ್ಡದು ಹಣದ ಅಂತರ. ಬೆಂಗಳೂರಿನ ಕಚೇರಿಗಳಲ್ಲೂ ಇದನ್ನೇ ನೋಡಬೇಕು: ಬಡ್ತಿಯ ಕಾಗದಕ್ಕೆ ರುಜು ಹಾಕುವವನು ಅವನೇ ಆಗಿದ್ದರೆ, ಅವಳು ಕೊಟ್ಟ ಒಪ್ಪಿಗೆಯಲ್ಲಿ ಎಷ್ಟು ಪ್ರೀತಿ, ಎಷ್ಟು ಅಂಜಿಕೆ ಎಂದು ಅವಳಿಗೇ ತಿಳಿಯುವುದು ತಡವಾಗಿ.

ಹೆಣ್ಣು ಹಿರಿಯಳಾದರೆ ಊರಿನ ನ್ಯಾಯವೇ ಬೇರೆ. ಎರಡು ವರ್ಷ ದೊಡ್ಡವಳು ಎಂದರೆ ಜಾತಕವನ್ನೇ ಮುಚ್ಚಿಡುತ್ತಾರೆ. ಸಚಿನ್ ತೆಂಡೂಲ್ಕರ್ ಅವರ ಹೆಂಡತಿ ಅವರಿಗಿಂತ ಐದು ವರ್ಷಕ್ಕೂ ಹೆಚ್ಚು ದೊಡ್ಡವರು, 1995ರಿಂದ ಸಂಸಾರ ನಡೆದಿದೆ. ಅದನ್ನು ಮೆಚ್ಚಿ ಮಾತಾಡುವವರೂ ತಮ್ಮ ಮಗನಿಗೆ ಅಂಥ ಹುಡುಗಿಯನ್ನು ತರುವುದಿಲ್ಲ. ಇದು ಅನ್ಯಾಯ, ಇದಕ್ಕೆ ಬೇರೆ ಹೆಸರಿಲ್ಲ.

ಮಹರ್ಷಿಗಳೇ, ನನ್ನನ್ನು ಹೆಚ್ಚು ಕಾಡುವುದು ಕೊನೆಯ ವರ್ಷಗಳು. 2011ರ ಜನಗಣತಿಯಲ್ಲಿ ದೇಶದ ವಿಧವೆಯರು 4 ಕೋಟಿಗೂ ಹೆಚ್ಚು. ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿರುವ ಗಂಡಸರು ಅದರ ಮೂರನೇ ಒಂದು ಪಾಲೂ ಇಲ್ಲ. ಗಂಡಸರು ಮರುಮದುವೆ ಆಗುತ್ತಾರೆ, ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ, ಮೇಲಾಗಿ ಗಂಡ ದೊಡ್ಡವನಿರುತ್ತಾನೆ. ಇಪ್ಪತ್ತು ವರ್ಷದ ಅಂತರದಲ್ಲಿ ಮದುವೆಯಾದವಳು ಬದುಕಿನ ಇಪ್ಪತ್ತು ವರ್ಷವಾದರೂ ಒಬ್ಬಳೇ ಇರಬೇಕಾಗಬಹುದು. ಮದುವೆಯ ದಿನ ಇದನ್ನು ಬಾಯಿಬಿಟ್ಟು ಹೇಳುವುದು ಅಮಂಗಳವೆಂದು ಎಲ್ಲರೂ ಸುಮ್ಮನಿರುತ್ತಾರೆ, ಗಂಡನೂ ಸುಮ್ಮನಿರುತ್ತಾನೆ.

ಮಹಾದೇವ ಗೋವಿಂದ ರಾನಡೆ ಅವರ ವಿಷಯ ಇಲ್ಲಿ ನೆನೆಯಬೇಕು. ವಿಧವಾ ವಿವಾಹಕ್ಕಾಗಿ ಹೋರಾಡಿದವರು ಅವರು. 1873ರಲ್ಲಿ ಮೊದಲ ಹೆಂಡತಿ ತೀರಿಕೊಂಡಾಗ ವಿಧವೆಯೊಬ್ಬಳನ್ನೇ ಮದುವೆಯಾಗುತ್ತಾರೆ ಎಂದು ಎಲ್ಲರೂ ಕಾದರು. ತಂದೆಯ ಹಟಕ್ಕೆ ಮಣಿದು, 31ರ ರಾನಡೆ 11ರ ರಮಾಬಾಯಿಯನ್ನು ಮದುವೆಯಾದರು. ಅದು ಬಾಲ್ಯವಿವಾಹ, ಅದನ್ನು ಸಮರ್ಥಿಸುವ ಪ್ರಶ್ನೆಯೇ ಇಲ್ಲ. ಆದರೆ ಮದುವೆಯಾದ ಮೇಲೆ ಅವರು ಮಾಡಿದ್ದನ್ನು ಗಮನಿಸಬೇಕು. ಮನೆಯ ಹೆಂಗಸರು ಹಂಗಿಸುತ್ತಿದ್ದರೂ ಬಿಡದೆ ಹೆಂಡತಿಗೆ ಮರಾಠಿ ಕಲಿಸಿದರು, ಇಂಗ್ಲಿಷ್ ಕಲಿಸಿದರು, ಸಭೆಯಲ್ಲಿ ಎದ್ದು ನಿಂತು ಮಾತಾಡುವ ಧೈರ್ಯ ತುಂಬಿದರು. 1901ರಲ್ಲಿ ರಾನಡೆ ಹೋದರು. ರಮಾಬಾಯಿ 1924ರವರೆಗೆ ಬದುಕಿದರು, ಪುಣೆಯ ಸೇವಾ ಸದನವನ್ನು ಕಟ್ಟಿ ಬೆಳೆಸಿದರು. ಗಂಡನಿಲ್ಲದ ಆ 23 ವರ್ಷ ಅವರ ಬೆನ್ನಿಗಿದ್ದದ್ದು ಗಂಡನಿದ್ದಾಗ ಕಲಿತ ಅಕ್ಷರ.

ಡಾಕ್ಟರ್ ಆನಂದಿಬಾಯಿ ಜೋಶಿಯವರ ಗಂಡನೂ ಅವರಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವನು, ಅವನೂ ಓದಿಸಿದವನೇ. ಓದಲಿಲ್ಲವೆಂದು ಹೊಡೆದು ಓದಿಸಿದವನು. 1886ರಲ್ಲಿ ಅಮೆರಿಕದಲ್ಲಿ ವೈದ್ಯೆಯಾದ ಆನಂದಿಬಾಯಿ ಮರುವರ್ಷವೇ, 21ರ ಹರೆಯದಲ್ಲಿ ತೀರಿಕೊಂಡರು. ಕಲಿಸುವ ಹಿರಿಯ ಆಳುವವನೂ ಆಗಬಲ್ಲ, ಒಂದೇ ಮನೆಯಲ್ಲಿ, ಒಂದೇ ದಿನ.

ಇಷ್ಟೆಲ್ಲ ಬರೆದರೂ ಈ ಪತ್ರ ಶರ್ಯಾತಿಗೆ ಹೋಗದೆ ತಮಗೆ ಬರುತ್ತಿರುವುದಕ್ಕೆ ಕಾರಣವಿದೆ. ಅಶ್ವಿನೀ ದೇವತೆಗಳು ಸುಕನ್ಯೆಯನ್ನು ಕಂಡು, ಈ ಮುದುಕನನ್ನು ಬಿಟ್ಟು ನಮ್ಮಲ್ಲಿ ಒಬ್ಬನನ್ನು ಆರಿಸಿಕೋ ಎಂದರು. ಅವಳು ಒಪ್ಪಲಿಲ್ಲ. ಹಾಗಾದರೆ ನಿನ್ನ ಗಂಡನನ್ನು ಯುವಕನನ್ನಾಗಿ ಮಾಡುತ್ತೇವೆ, ಆಮೇಲೆ ಮೂವರಲ್ಲಿ ಯಾರು ಬೇಕೋ ಆರಿಸಿಕೋ ಎಂದರು. ಅವಳು ಬಂದು ತಮಗೆ ತಿಳಿಸಿದಳು. ಹಾಗೇ ಆಗಲಿ ಎಂದು ತಾವು ಹೇಳಿದಿರಿ. ಅವಳು ತಮ್ಮನ್ನು ಆರಿಸದೆ ಹೋಗಬಹುದು ಎಂದು ತಿಳಿದೂ ಹೇಳಿದಿರಿ. ಕೊಳದಿಂದ ಒಂದೇ ರೂಪದ ಮೂವರು ಎದ್ದು ಬಂದಾಗ ಅವಳು ತಮ್ಮನ್ನೇ ಗುರುತಿಸಿ ಆರಿಸಿದಳು. ತಂದೆ ಕೊಡದ ಸ್ವಯಂವರವನ್ನು ಮದುವೆಯಾದ ಮೇಲೆ ತಾವು ಕೊಟ್ಟಿರಿ. ಲೇಹ್ಯದ ಡಬ್ಬಿಯ ಮೇಲೆ ಹೇಳದೇ ಇರುವ ತಮ್ಮ ದೊಡ್ಡ ಗುಣ ಅದು.

ನಮ್ಮವರಿಗೆ ಅಂಥ ಕೊಳ ಸಿಗುವುದಿಲ್ಲ. ಅವರು ಮಾಡಬಹುದಾದದ್ದು ಬೇರೆ ಇದೆ. ಚಿಕ್ಕವಳ ಓದು, ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಅವಳದೇ ಬ್ಯಾಂಕ್ ಖಾತೆ, ಅದರಲ್ಲಿ ಅವಳದೇ ಹಣ. ಅವಳ ಓರಗೆಯ ಗೆಳತಿಯರು ಮನೆಗೆ ಬಂದುಹೋಗುವಂತಿರುವುದು. ಮಗು ಬೇಕೋ, ಯಾವಾಗ ಎಂಬುದನ್ನು ಮೊದಲೇ ಕೂತು ಮಾತಾಡುವುದು, ಏಕೆಂದರೆ ಐವತ್ತೈದರಲ್ಲಿ ತಂದೆಯಾದವನ ಮಗು ಕಾಲೇಜು ಮುಗಿಸುವಾಗ ಅವನಿಗೆ ಎಪ್ಪತ್ತೈದು ದಾಟಿರುತ್ತದೆ. ನಿವೃತ್ತಿಯ ನಂತರ ಮದುವೆಯಾದ ಹೆಂಡತಿಗೂ ಕುಟುಂಬ ಪಿಂಚಣಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲೇ ಹೇಳಿದೆ, ಆದರೆ ದಾಖಲೆಯಲ್ಲಿ ಅವಳ ಹೆಸರು ಇರಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ವಿಧವೆಗೆ ಮಕ್ಕಳಷ್ಟೇ ಪಾಲು ಕೊಡುತ್ತದೆ, ಆದರೆ ಮೊದಲ ಹೆಂಡತಿಯ ಮಕ್ಕಳು ಮತ್ತು ಎಳೆಯ ಮಲತಾಯಿ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಆ ಪಾಲು ಕೈಗೆ ಬರುವಷ್ಟರಲ್ಲಿ ಅವಳಿಗೂ ವಯಸ್ಸಾಗಿರುತ್ತದೆ.

ಆದ್ದರಿಂದ ತಮ್ಮ ಮೂಲಕ ನಮ್ಮೂರಿನ ಹಿರಿಯ ಗಂಡಂದಿರಿಗೆ, ಹಿರಿಯ ಪ್ರೇಮಿಗಳಿಗೆ ನನ್ನ ಕೋರಿಕೆ ಇಷ್ಟು. ಉಯಿಲು ಬರೆದು ನೋಂದಣಿ ಮಾಡಿಸಿ. ವಿಮೆ, ಭವಿಷ್ಯನಿಧಿ, ಠೇವಣಿಗಳ ಕಾಗದದಲ್ಲಿ ಯಾರ ಹೆಸರಿದೆ ಎಂದು ತೆಗೆದು ನೋಡಿ. ಮನೆಯ ಪತ್ರದಲ್ಲಿ ಅವಳ ಹೆಸರನ್ನೂ ಸೇರಿಸಿ. ನೀವಿಲ್ಲದ ಕಾಲದಲ್ಲಿ ಅವಳು ಮತ್ತೊಬ್ಬರ ಜೊತೆ ಬಾಳಬೇಕೆಂದು ಬಯಸಿದರೆ ಅದಕ್ಕೆ ನಿಮ್ಮ ಒಪ್ಪಿಗೆ ಇದೆ ಎಂದು ಮಕ್ಕಳ ಎದುರಿಗೇ ಹೇಳಿ. ಇದನ್ನೆಲ್ಲ ಈ ವರ್ಷವೇ ಮಾಡಿ ಮುಗಿಸಿ.

ಇತಿ,
ಸುಕನ್ಯೆಯ ಪರವಾಗಿ ಒಬ್ಬಳು